ಬಂಗು, ಕಪ್ಪುಕಲೆ ಮತ್ತು ಗಿಡಮೂಲದ ಲೇಪಗಳು

ಕೆನ್ನೆಯ ಮೇಲಿನ ಬಂಗು, ಮೊಡವೆ ಮಾಗಿದ ಮೇಲೆ ಉಳಿಯುವ ಕಪ್ಪುಚುಕ್ಕೆ, ಸುಟ್ಟ ಜಾಗದ ಕಂದು ಗುರುತು, ಇವೆಲ್ಲಕ್ಕೂ ಮೂಲ ಒಂದೇ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಆ ಜಾಗದಲ್ಲಿ ಅಗತ್ಯಕ್ಕಿಂತ ಹೆಚ್ಚು ತಯಾರಾಗಿರುತ್ತದೆ, ಇಲ್ಲವೇ ಇಳಿಯಬಾರದ ಆಳಕ್ಕೆ ಇಳಿದಿರುತ್ತದೆ. ಹೊರಚರ್ಮದ ಅಡಿಪದರದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳು ಅಲ್ಲೊಂದು ಇಲ್ಲೊಂದು ಕೂತಿರುತ್ತವೆ. ಒಂದೊಂದೂ ತನ್ನ ಉದ್ದನೆಯ ಚಾಚುಗಳ ಮೂಲಕ ಸುತ್ತಲಿನ 30ರಿಂದ 40 ಚರ್ಮಕೋಶಗಳಿಗೆ ಬಣ್ಣ ಹಂಚುತ್ತದೆ. ಈ ಮೆಲನೊಸೈಟುಗಳ ಸಂಖ್ಯೆ ಕಪ್ಪು ಮೈಬಣ್ಣದವರಲ್ಲೂ ಬಿಳಿ ಮೈಬಣ್ಣದವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಬಣ್ಣದ ಚೀಲಗಳ ಗಾತ್ರದಲ್ಲಿ, ಆ ಚೀಲಗಳು ಚರ್ಮದಲ್ಲಿ ಎಷ್ಟು ದಿನ ಕರಗದೆ ಉಳಿಯುತ್ತವೆ ಎಂಬುದರಲ್ಲಿ. ಕಪ್ಪು ಮೈಯಲ್ಲಿ ಆ ಚೀಲಗಳು ಜೀವಕೋಶದ ತಿರುಳಿನ ಮೇಲೆ ಕವಿದು ಬಿಸಿಲಿನ ಪೆಟ್ಟನ್ನು ತಡೆಯುತ್ತವೆ. ಹುಟ್ಟಿನಿಂದ ಬಂದ ಬಣ್ಣ ದೇಹದ ರಕ್ಷಣೆಯ ಏರ್ಪಾಡು, ಅದಕ್ಕೆ ಮದ್ದು ಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ಕಲೆಗಳ ವಿಚಾರ ಮಾತ್ರ.

ಬಿಸಿಲಿನ ನೇರಳಾತೀತ ಕಿರಣ ತಾಕಿ ಚರ್ಮಕೋಶದ ಡಿಎನ್‌ಎಗೆ ಧಕ್ಕೆಯಾದಾಗ ಆ ಕೋಶ ಒಂದು ಹಾರ್ಮೋನನ್ನು ಹೊರಬಿಡುತ್ತದೆ. ಅದು ಪಕ್ಕದ ಮೆಲನೊಸೈಟಿಗೆ ತಲುಪಿದರೆ ಅಲ್ಲಿ ಬಣ್ಣ ತಯಾರಿಕೆ ಶುರು. ಟೈರೋಸಿನ್ ಎಂಬ ಅಮೈನೋ ಆಮ್ಲ ಹಂತಹಂತವಾಗಿ ಬದಲಾಗಿ ಮೆಲನಿನ್ ಆಗುತ್ತದೆ. ಈ ಸರಣಿಯ ಮೊದಲ ಮೆಟ್ಟಿಲನ್ನು ದಾಟಿಸುವುದು ಟೈರೋಸಿನೇಸ್ ಎಂಬ ಕಿಣ್ವ. ಅದರ ನಡುವೆ ಎರಡು ತಾಮ್ರದ ಪರಮಾಣುಗಳಿವೆ. ಅವಿಲ್ಲದೆ ಕಿಣ್ವ ಕೆಲಸ ಮಾಡುವುದಿಲ್ಲ. ತಯಾರಾದ ಮೆಲನಿನ್ ಪುಟ್ಟ ಚೀಲಗಳಲ್ಲಿ ತುಂಬಿ ಚಾಚುಗಳ ತುದಿಗೆ ಸಾಗಿ, ಅಕ್ಕಪಕ್ಕದ ಕೋಶಗಳಿಗೆ ಸೇರಿ, ಅವುಗಳ ಜೊತೆಗೇ ಮೇಲಕ್ಕೆ ಬಂದು ಕೊನೆಗೆ ಸತ್ತ ಚರ್ಮವಾಗಿ ಉದುರಿಹೋಗುತ್ತದೆ. ಈ ಪಯಣಕ್ಕೆ ಸುಮಾರು ನಾಲ್ಕರಿಂದ ಆರು ವಾರ ಬೇಕು. ಕಲೆ ತಿಳಿಯಾಗಿಸುವ ಪದಾರ್ಥ ಯಾವುದೇ ಇರಲಿ, ಈ ಹಾದಿಯ ಎಲ್ಲೋ ಒಂದು ಕಡೆ ಅಡ್ಡ ನಿಲ್ಲಬೇಕು: ಕಿಣ್ವವನ್ನು ತಡೆಯಬೇಕು, ಚೀಲ ಸಾಗದಂತೆ ಮಾಡಬೇಕು, ಉರಿಯೂತ ಇಳಿಸಬೇಕು, ಇಲ್ಲವೇ ಮೇಲಿನ ಸತ್ತ ಪದರ ಬೇಗ ಉದುರುವಂತೆ ಮಾಡಬೇಕು. ಒಂದು ವಾರದಲ್ಲಿ ಕಲೆ ಮಾಯ ಎಂಬ ಜಾಹೀರಾತಿನ ಮಾತು ಚರ್ಮದ ಈ ಲೆಕ್ಕಕ್ಕೇ ಹೊಂದುವುದಿಲ್ಲ.

ಕಲೆಯ ಆಳವೂ ಮುಖ್ಯ. ಮೊಡವೆ, ಗಾಯ, ಕಜ್ಜಿ, ಸೊಳ್ಳೆ ಕಡಿತದ ನಂತರ ಉಳಿಯುವ ಕಂದು ಕಲೆಯಲ್ಲಿ ಬಣ್ಣ ಹೆಚ್ಚಾಗಿ ಹೊರಚರ್ಮದಲ್ಲೇ ಇದ್ದರೆ ಅದು ಕೆಲವು ತಿಂಗಳಲ್ಲಿ ತಾನಾಗಿಯೇ ಮಾಸುತ್ತದೆ, ಲೇಪ ಅದರ ಕೆಲಸವನ್ನು ಬೇಗ ಮುಗಿಸುತ್ತದೆ ಅಷ್ಟೇ. ಉರಿಯೂತ ಜೋರಾಗಿದ್ದು ಮೆಲನಿನ್ ಒಳಚರ್ಮಕ್ಕೆ ಸೋರಿದ್ದರೆ ಕಲೆಗೆ ಬೂದು-ನೀಲಿ ಛಾಯೆ ಬರುತ್ತದೆ. ಮೇಲೆ ಹಚ್ಚಿದ ಯಾವ ಎಣ್ಣೆ, ಲೇಪವೂ ಅಲ್ಲಿಗೆ ಚೆನ್ನಾಗಿ ತಲುಪುವುದಿಲ್ಲ. ಬಂಗು ಇವೆರಡಕ್ಕಿಂತ ಹಟಮಾರಿ. ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ, ಬಿಸಿಲು ಇವೆಲ್ಲ ಸೇರಿ ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಒಂದೇ ಸಮನಾಗಿ ಹರಡುತ್ತದೆ. ಅದು ಕಡಿಮೆಯಾದರೂ ಮರಳಿ ಬರುವ ಸ್ವಭಾವದ್ದು.

ಗಿಡಮೂಲದ ಪದಾರ್ಥಗಳ ಬಗ್ಗೆ ಬರುವ ದೊಡ್ಡ ದೊಡ್ಡ ಮಾತುಗಳಲ್ಲಿ ಬಹುಪಾಲಿಗೆ ಆಧಾರ ಒಂದು ಸುಲಭದ ಪರೀಕ್ಷೆ. ಅಂಗಡಿಯಲ್ಲಿ ಸಿಗುವ ಬಿಳಿ ಬಟನ್ ಅಣಬೆಯಿಂದ ತೆಗೆದ ಟೈರೋಸಿನೇಸನ್ನು ಗಾಜಿನ ನಳಿಕೆಗೆ ಹಾಕಿ, ಅದರ ಮೇಲೆ ಗಿಡದ ಸಾರ ಸುರಿದು, ಬಣ್ಣ ಎಷ್ಟು ಕಡಿಮೆಯಾಯಿತು ಎಂದು ಅಳೆಯುತ್ತಾರೆ. ಅಗ್ಗ, ಬೇಗ ಮುಗಿಯುತ್ತದೆ, ಸಾವಿರಾರು ಗಿಡಗಳ ಮೇಲೆ ನಡೆದಿದೆ. ಆದರೆ ಅಣಬೆಯ ಕಿಣ್ವವೂ ಮನುಷ್ಯನ ಕಿಣ್ವವೂ ರಚನೆಯಲ್ಲಿ ಬೇರೆ. ಮನುಷ್ಯರ ಟೈರೋಸಿನೇಸ್ ಬಳಸಿ 50,000 ರಾಸಾಯನಿಕಗಳನ್ನು ಜರಡಿ ಹಿಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಣಬೆಯ ಪರೀಕ್ಷೆಯಲ್ಲಿ ಹೆಸರು ಮಾಡಿದ್ದ ಕೋಜಿಕ್ ಆಮ್ಲ, ಅರ್ಬುಟಿನ್‌ನಂಥ ಹಳೆಯ ಹೆಸರುಗಳು ಅಲ್ಲಿ ಬಹಳ ದುರ್ಬಲವಾಗಿ ಕಂಡವು. ಕಿಣ್ವ ತಡೆದರೆ ಸಾಲದು. ಪದಾರ್ಥ ಚರ್ಮದ ಮೇಲ್ಪದರ ದಾಟಬೇಕು, ಡಬ್ಬಿಯಲ್ಲಿ ಕೆಡದೆ ಉಳಿಯಬೇಕು, ಜೀವಕೋಶವನ್ನು ಕೊಲ್ಲಬಾರದು. ಈ ನಾಲ್ಕನ್ನೂ ದಾಟಿ ಮನುಷ್ಯರ ಮುಖದ ಮೇಲೆ ಪರೀಕ್ಷೆಗೊಳಗಾದ ಗಿಡಮೂಲದ ವಸ್ತುಗಳನ್ನು ಬೆರಳ ಮೇಲೆ ಎಣಿಸಬಹುದು.

ಅವುಗಳಲ್ಲಿ ಮೊದಲು ಹೇಳಬೇಕಾದ್ದು ಜೇಷ್ಠಮಧು. ಗ್ರಂಧಿಗೆ ಅಂಗಡಿಯಲ್ಲಿ ಕೆಮ್ಮಿಗೆಂದು ಕೊಳ್ಳುವ, ಅಗಿದರೆ ಸಿಹಿಯಾಗುವ ಹಳದಿ ಬೇರು ಇದೇ. ಅತಿಮಧುರ, ಯಷ್ಟಿಮಧು ಎಂಬ ಹೆಸರುಗಳೂ ಇದಕ್ಕಿವೆ. ಮೆಡಿಟರೇನಿಯನ್ ತೀರದಿಂದ ಮಧ್ಯ ಏಷ್ಯಾದವರೆಗಿನ ಒಣ ಸೀಮೆ ಇದರ ತವರು. ಬೇರಿನ ಸಿಹಿಗೆ ಕಾರಣ ಗ್ಲಿಸಿರೈಜಿನ್, ಅದು ನೀರಿನಲ್ಲಿ ಕರಗುತ್ತದೆ. ಕಲೆಗೆ ಕೆಲಸ ಮಾಡುವ ಗ್ಲಾಬ್ರಿಡಿನ್ ಬೇರೆಯೇ ವಸ್ತು. ಒಣಬೇರಿನ ತೂಕದಲ್ಲಿ ಅದು ಶೇಕಡ 1ಕ್ಕಿಂತ ಬಹಳ ಕಡಿಮೆ ಇರುತ್ತದೆ, ನೀರಿನಲ್ಲಿ ಕರಗುವುದಿಲ್ಲ. 1998ರಲ್ಲಿ ಜಪಾನಿನ ಸಂಶೋಧಕರು ಶೇಕಡ 0.5ರ ಗ್ಲಾಬ್ರಿಡಿನ್ ಲೇಪಿಸಿದಾಗ ಗಿನಿಪಿಗ್‌ಗಳ ಚರ್ಮದಲ್ಲಿ ನೇರಳಾತೀತ ಕಿರಣದಿಂದ ಆಗುವ ಕಪ್ಪು ತಗ್ಗಿದ್ದನ್ನೂ, ಕೆಂಪಾಗುವುದು ಕಡಿಮೆಯಾದದ್ದನ್ನೂ ತೋರಿಸಿದರು. ಉರಿಯೂತವನ್ನೂ ಬಣ್ಣವನ್ನೂ ಒಟ್ಟಿಗೆ ತಗ್ಗಿಸುವ ಈ ಗುಣ ನಮ್ಮ ಮೈಬಣ್ಣಕ್ಕೆ ಬಹಳ ಬೇಕಾದ್ದು. ಕಂದು ಚರ್ಮದಲ್ಲಿ ಉರಿ ಹುಟ್ಟಿಸುವ ಮದ್ದು ಕಲೆಯನ್ನು ಇನ್ನಷ್ಟು ಕಪ್ಪಾಗಿಸಿ ಬಿಡುತ್ತದೆ. ಇದೇ ಬೇರಿನ ಲಿಕ್ವಿರಿಟಿನ್ ಎಂಬ ಇನ್ನೊಂದು ವಸ್ತುವನ್ನು ಈಜಿಪ್ಟಿನ ವೈದ್ಯರು ಬಂಗು ಇದ್ದ 20 ಹೆಂಗಸರ ಮುಖದ ಒಂದು ಬದಿಗೆ ಮಾತ್ರ ನಾಲ್ಕು ವಾರ ಹಚ್ಚಿಸಿ, ಇನ್ನೊಂದು ಬದಿಗೆ ಬರೀ ಕ್ರೀಮ್ ಹಚ್ಚಿಸಿದರು. 2000ದಲ್ಲಿ ಪ್ರಕಟವಾದ ವರದಿಯ ಪ್ರಕಾರ 18 ಹೆಂಗಸರಲ್ಲಿ ಮದ್ದಿನ ಬದಿ ಚೆನ್ನಾಗಿ ತಿಳಿಯಾಗಿತ್ತು. ಸಣ್ಣ ಅಧ್ಯಯನ, ನಿಜ. ಆದರೂ ಒಂದೇ ಮುಖದ ಎರಡು ಕೆನ್ನೆಗಳನ್ನು ಹೋಲಿಸಿದ್ದರಿಂದ ಅದಕ್ಕೆ ತೂಕವಿದೆ. ಜೇಷ್ಠಮಧುವಿನ ಪುಡಿಯನ್ನು ನೀರಿನಲ್ಲೋ ಹಾಲಿನಲ್ಲೋ ಕಲಸಿ ಹಚ್ಚಿದರೆ ಹಿತವೆನಿಸಬಹುದು, ಆದರೆ ನೀರಿಗೆ ಬಿಡದ ಗ್ಲಾಬ್ರಿಡಿನ್ ಅದರಿಂದ ಚರ್ಮಕ್ಕೆ ಇಳಿಯುವುದು ಅತ್ಯಲ್ಪ. ಬೇರಿನಿಂದ ಅದನ್ನು ಬೇರ್ಪಡಿಸಿ, ಅಳತೆ ಗೊತ್ತುಮಾಡಿ ಸೇರಿಸಿದ ಲೇಪ ಬೇರೆ, ಬೇರಿನ ಪುಡಿ ಬೇರೆ.

ಕೋಜಿಕ್ ಆಮ್ಲ ಬಂದದ್ದು ಅನ್ನದ ಬೂಷ್ಟಿನಿಂದ. ಜಪಾನಿನಲ್ಲಿ ಬೇಯಿಸಿದ ಅಕ್ಕಿಗೆ ಕೋಜಿ ಎಂಬ ಬೂಷ್ಟು ಹತ್ತಿಸಿ ಸಾಕೆ ಮದ್ಯ ತಯಾರಿಸುತ್ತಾರೆ. 1907ರಲ್ಲಿ ಸೈಟೋ ಎಂಬ ವಿಜ್ಞಾನಿ ಆ ಬೂಷ್ಟಿನಿಂದ ಈ ವಸ್ತುವನ್ನು ಬೇರ್ಪಡಿಸಿದ. ಟೈರೋಸಿನೇಸಿನ ತಾಮ್ರವನ್ನು ಇದು ಹಿಡಿದಿಡುತ್ತದೆ. ಕೊರತೆಗಳೂ ಇವೆ: ಗಾಳಿ, ಬೆಳಕಿಗೆ ಕಂದಾಗುತ್ತದೆ, ಸೂಕ್ಷ್ಮ ಚರ್ಮದವರಲ್ಲಿ ತುರಿಕೆ, ಗಂಧೆ ಎಬ್ಬಿಸುತ್ತದೆ. 2024ರಲ್ಲಿ ಐರೋಪ್ಯ ಒಕ್ಕೂಟ ಮುಖ ಮತ್ತು ಕೈಗೆ ಹಚ್ಚುವ ಲೇಪಗಳಲ್ಲಿ ಕೋಜಿಕ್ ಆಮ್ಲ ಶೇಕಡ 1 ಮೀರಬಾರದೆಂದು ನಿಯಮ ಮಾಡಿತು. ನಮ್ಮಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಮಾರುವ ಕೋಜಿಕ್ ಸೋಪುಗಳ ಮೇಲೆ ಎಷ್ಟೋ ಸಲ ಪ್ರಮಾಣವನ್ನೇ ನಮೂದಿಸಿರುವುದಿಲ್ಲ. ಅದೂ ಅಲ್ಲದೆ, ಅರ್ಧ ನಿಮಿಷದಲ್ಲಿ ತೊಳೆದುಹೋಗುವ ಸೋಪಿನಿಂದ ಹೆಚ್ಚು ನಿರೀಕ್ಷಿಸಲಾಗದು.

ಅರ್ಬುಟಿನ್ ಕಥೆಗೆ ಮೊದಲು ಹೈಡ್ರೊಕ್ವಿನೋನ್ ಬಗ್ಗೆ ತಿಳಿಯಬೇಕು. 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕೆಲಸಗಾರರ ಕೈಗಳು ಬೆಳ್ಳಗಾಗಿದ್ದನ್ನು ವೈದ್ಯರು ವರದಿ ಮಾಡಿದರು. ಬಣ್ಣ ಹೋದದ್ದು ಸರಿಯಾಗಿ ರಬ್ಬರ್ ಕೈಗವಸು ಮುಚ್ಚಿದ್ದ ಭಾಗದಲ್ಲಿ. ರಬ್ಬರ್ ಕೆಡದಂತೆ ಸೇರಿಸಿದ್ದ ಹೈಡ್ರೊಕ್ವಿನೋನ್ ಜಾತಿಯ ರಾಸಾಯನಿಕವೇ ಕಾರಣವಾಗಿತ್ತು. ಹೈಡ್ರೊಕ್ವಿನೋನ್ ಇಂದಿಗೂ ಬಂಗುವಿಗೆ ಚರ್ಮವೈದ್ಯರು ಬರೆದುಕೊಡುವ ಮುಖ್ಯ ಔಷಧಿ. ಆದರೆ ವರ್ಷಗಟ್ಟಲೆ ಹಚ್ಚಿದರೆ ಚರ್ಮದಡಿ ನೀಲಿಗಪ್ಪು ಬಣ್ಣ ಶಾಶ್ವತವಾಗಿ ಕೂರುವ ಓಕ್ರೊನೋಸಿಸ್ ಬರಬಹುದು. ದಕ್ಷಿಣ ಆಫ್ರಿಕಾದಲ್ಲಿ ಬೆಳ್ಳಗಾಗುವ ಕ್ರೀಮುಗಳಿಂದ ಇದು ವ್ಯಾಪಕವಾಗಿ ಹಬ್ಬಿ, 1990ರಲ್ಲಿ ಅಲ್ಲಿ ಸೌಂದರ್ಯವರ್ಧಕಗಳಲ್ಲಿ ಇಂಥ ವಸ್ತುಗಳ ಬಳಕೆಯನ್ನೇ ನಿಷೇಧಿಸಿದರು. ಅರ್ಬುಟಿನ್ ಎಂದರೆ ಸಕ್ಕರೆಯ ಅಣು ಅಂಟಿಕೊಂಡಿರುವ ಹೈಡ್ರೊಕ್ವಿನೋನ್. ಬೇರ್‌ಬೆರಿ ಎಂಬ ಶೀತದೇಶದ ಕುರುಚಲು ಗಿಡದ ಎಲೆಯಲ್ಲಿ, ಮರಸೇಬು (ಪೇರ್) ಮರದ ಎಲೆಯಲ್ಲಿ ಇದಿದೆ. ಸಕ್ಕರೆಯ ಜೋಡಣೆಯಿಂದ ಅದರ ಹರಿತ ತಗ್ಗಿದೆ, ಫಲವೂ ನಿಧಾನ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಆ ಜೋಡಣೆಯನ್ನು ಮುರಿದು ಹೈಡ್ರೊಕ್ವಿನೋನ್ ಹೊರಬಿಡಬಹುದು ಎಂಬ ಆತಂಕದಿಂದ ಐರೋಪ್ಯ ಒಕ್ಕೂಟ ಇದಕ್ಕೂ ಮಿತಿ ಹಾಕಿದೆ: ಮುಖದ ಕ್ರೀಮಿನಲ್ಲಿ ಆಲ್ಫಾ ಅರ್ಬುಟಿನ್ ಶೇಕಡ 2, ಸಾಮಾನ್ಯ ಅರ್ಬುಟಿನ್ ಶೇಕಡ 7.

ಕರ್ನಾಟಕಕ್ಕೆ ಹತ್ತಿರದ ಮೂರು ಮರಗಳು ಈ ಸಾಲಿನಲ್ಲಿ ಬರುತ್ತವೆ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ರಾಜ್ಯದಲ್ಲಿ ಹಿಪ್ಪುನೇರಳೆ ಸೊಪ್ಪು ಹುಳುವಿಗೆ ಹೋಗುತ್ತದೆ, ಕಡ್ಡಿ ಒಲೆಗೆ ಹೋಗುತ್ತದೆ. ಆ ಕಡ್ಡಿಯಲ್ಲೂ ಬೇರಿನ ತೊಗಟೆಯಲ್ಲೂ ಆಕ್ಸಿರೆಸ್ವೆರಟ್ರಾಲ್ ಎಂಬ ವಸ್ತುವಿದೆ. ಟೈರೋಸಿನೇಸನ್ನು ತಡೆಯುವುದರಲ್ಲಿ ಅದು ಗಟ್ಟಿ. ಫಿಲಿಪ್ಪೀನ್ಸಿನಲ್ಲಿ ಬಂಗು ಇದ್ದ 50 ಜನರಿಗೆ ಶೇಕಡ 75ರ ಹಿಪ್ಪುನೇರಳೆ ಸಾರದ ಎಣ್ಣೆಯನ್ನೋ, ಮದ್ದಿಲ್ಲದ ಎಣ್ಣೆಯನ್ನೋ ಎಂಟು ವಾರ ಕೊಟ್ಟು ನೋಡಿದಾಗ ಮದ್ದಿನ ಗುಂಪಿನಲ್ಲಿ ಬಂಗು ಗಣನೀಯವಾಗಿ ತಗ್ಗಿತ್ತು. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಎರಡನೆಯದು ವಾಟೆಹುಳಿ. ಕರಾವಳಿ, ಮಲೆನಾಡಿನಲ್ಲಿ ಇದರ ಹಣ್ಣನ್ನು ಹೆಚ್ಚಿ ಒಣಗಿಸಿ ಹುಣಸೆಯ ಬದಲು ಸಾರಿಗೆ ಹಾಕುವ ರೂಢಿಯಿದೆ. ಹಲಸಿನ ಬಂಧುವಾದ ಈ ಮರದ ಕೆಚ್ಚನ್ನು ಥಾಯ್ಲೆಂಡಿನಲ್ಲಿ ಕುದಿಸಿ, ಬಸಿದು, ಪುಡಿ ಮಾಡಿ ಲಾಡಿಹುಳುವಿನ ಮದ್ದಾಗಿ ಕೊಡುತ್ತಿದ್ದರು. ಆ ಪುಡಿಯ ಮುಖ್ಯ ಅಂಶವೂ ಆಕ್ಸಿರೆಸ್ವೆರಟ್ರಾಲ್. 2006ರಲ್ಲಿ ಅಲ್ಲಿನ ಮಹಿಳಾ ಸ್ವಯಂಸೇವಕರ ಮೇಲೆ ನಡೆದ ಹೋಲಿಕೆಯಲ್ಲಿ ಶೇಕಡ 0.25ರ ವಾಟೆ ಸಾರ ನಾಲ್ಕೇ ವಾರದಲ್ಲಿ ಚರ್ಮವನ್ನು ತಿಳಿಗೊಳಿಸಿತು. ಶೇಕಡ 3ರ ಕೋಜಿಕ್ ಆಮ್ಲಕ್ಕೂ ಅಷ್ಟೇ ಪ್ರಮಾಣದ ಜೇಷ್ಠಮಧು ಸಾರಕ್ಕೂ ಅದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಮೂರನೆಯದು ಹಲಸು. ಅದರ ಕೆಚ್ಚಿನಲ್ಲೂ ಇದೇ ಬಗೆಯ ವಸ್ತುಗಳು ಸಿಕ್ಕಿವೆ, ಆದರೆ ಮನುಷ್ಯರ ಮೇಲಿನ ಪುರಾವೆ ಇನ್ನೂ ತೆಳು. ಒಲೆಗೆ ಹೋಗುವ ಹಿಪ್ಪುನೇರಳೆ ಕಡ್ಡಿ, ಮರಗೆಲಸದ ಅಂಗಳದಲ್ಲಿ ಬಿದ್ದ ಹಲಸಿನ ಪುಡಿ ಇವುಗಳ ಮೇಲೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳೂ ಔಷಧ ವಿಜ್ಞಾನದ ಕಾಲೇಜುಗಳೂ ಕೂಡಿ ಕೆಲಸ ಮಾಡಲು ತಕ್ಕ ಕಾರಣವಿದೆ.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಪುರಾವೆಯಿರುವ ಪದಾರ್ಥ ಸಿಕ್ಕಿದ್ದು ಚಿಬ್ಬಿನಿಂದ. ಬೆನ್ನು, ಎದೆ, ಕುತ್ತಿಗೆಯ ಮೇಲೆ ಮಾಸಲು ಬಿಳಿ ಮಚ್ಚೆಗಳಾಗಿ ಹರಡುವ ಚಿಬ್ಬು ಒಂದು ಶಿಲೀಂಧ್ರದ ಸೋಂಕು. ಅದು ಮುಟ್ಟಿದ ಕಡೆ ಚರ್ಮದ ಬಣ್ಣ ಕಡಿಮೆಯಾಗುವುದೇಕೆ ಎಂದು ಹುಡುಕಿದ ಇಟಲಿಯ ನಜ್ಜಾರೊ-ಪೋರೊ ಮತ್ತು ಪಾಸ್ಸಿ 1978ರಲ್ಲಿ ಒಂದು ಉತ್ತರ ಕೊಟ್ಟರು. ಆ ಶಿಲೀಂಧ್ರ ಚರ್ಮದ ಜಿಡ್ಡನ್ನು ಒಡೆದು ಕೆಲವು ಆಮ್ಲಗಳನ್ನು ಮಾಡುತ್ತದೆ, ಅವು ಟೈರೋಸಿನೇಸನ್ನು ತಡೆಯುತ್ತವೆ. ಅಜೆಲಾಯಿಕ್ ಆಮ್ಲ ಅವುಗಳಲ್ಲಿ ಒಂದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲೂ ಇದು ಇದೆ. ಇದರ ದೊಡ್ಡ ಗುಣವೆಂದರೆ ಅತಿಯಾಗಿ ಕೆಲಸ ಮಾಡುತ್ತಿರುವ ಮೆಲನೊಸೈಟುಗಳನ್ನೇ ಹೆಚ್ಚಾಗಿ ತಗ್ಗಿಸಿ, ಸುತ್ತಲಿನ ಆರೋಗ್ಯವಂತ ಚರ್ಮದ ಬಣ್ಣವನ್ನು ಬಹುಮಟ್ಟಿಗೆ ಹಾಗೇ ಬಿಡುವುದು. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಂಗು ಇದ್ದ 329 ಹೆಂಗಸರಿಗೆ 24 ವಾರ ಶೇಕಡ 20ರ ಅಜೆಲಾಯಿಕ್ ಆಮ್ಲವನ್ನೋ ಶೇಕಡ 4ರ ಹೈಡ್ರೊಕ್ವಿನೋನನ್ನೋ ಹಚ್ಚಿಸಿದರು. ಎರಡರ ಫಲವೂ ಬಹುತೇಕ ಸಮವಾಗಿತ್ತು. ಇದು ಮೊಡವೆಗೂ ಮದ್ದಾದ್ದರಿಂದ ಮೊಡವೆಯೂ ಅದರ ಕಲೆಯೂ ಒಟ್ಟಿಗಿರುವವರಿಗೆ ಚರ್ಮವೈದ್ಯರು ಮೊದಲು ಇದನ್ನೇ ಕೊಡುವುದುಂಟು. ಬಸುರಿಯರೂ ವೈದ್ಯರ ಸಲಹೆಯಲ್ಲಿ ಬಳಸಬಹುದಾದ ಕೆಲವೇ ಲೇಪಗಳಲ್ಲಿ ಇದೂ ಒಂದು. ಹಚ್ಚಿದ ಮೊದಲ ಒಂದೆರಡು ವಾರ ಚುರುಚುರು ಎನ್ನುತ್ತದೆ. ಔಷಧಿ ಅಂಗಡಿಯಲ್ಲಿ ಶೇಕಡ 10 ಮತ್ತು 20ರ ಟ್ಯೂಬುಗಳು ಸಿಗುತ್ತವೆ, ಚುರುಚುರು ತಾಳದವರು ಕಡಿಮೆಯದರಿಂದ ಶುರುಮಾಡುತ್ತಾರೆ. ಇವತ್ತು ಇದನ್ನು ಕಾರ್ಖಾನೆಯಲ್ಲಿ ಕೊಬ್ಬಿನ ಆಮ್ಲದಿಂದ ತಯಾರಿಸುತ್ತಾರೆ. ಅಣುವಿನ ರಚನೆ ಒಂದೇ ಆಗಿರುವುದರಿಂದ ಚರ್ಮಕ್ಕೆ ಅದರಲ್ಲಿ ವ್ಯತ್ಯಾಸವಿಲ್ಲ.

ಕಿಣ್ವವನ್ನು ಬಿಟ್ಟು ಬಣ್ಣದ ಸಾಗಾಟಕ್ಕೆ ಅಡ್ಡ ಹಾಕುವ ಎರಡು ವಸ್ತುಗಳಿವೆ. ಬಿ3 ವಿಟಮಿನ್ನಿನ ರೂಪವಾದ ನಯಾಸಿನಮೈಡ್ ಮೆಲನಿನ್ ತಯಾರಿಕೆಯನ್ನು ತಡೆಯುವುದಿಲ್ಲ, ತುಂಬಿದ ಚೀಲಗಳು ಪಕ್ಕದ ಕೋಶಕ್ಕೆ ಹೋಗುವುದನ್ನು ತಡೆಯುತ್ತದೆ. 2002ರ ಅಧ್ಯಯನವೊಂದರ ಪ್ರಕಾರ ಪ್ರಯೋಗಾಲಯದ ಜೀವಕೋಶಗಳಲ್ಲಿ ಈ ಸಾಗಾಟ ಶೇಕಡ 35ರಿಂದ 68ರಷ್ಟು ಕಡಿಮೆಯಾಯಿತು. ಶೇಕಡ 2ರಿಂದ 5ರ ಲೇಪ ಬಹುಪಾಲು ಜನರಿಗೆ ಒಗ್ಗುತ್ತದೆ, ಬೆಲೆಯೂ ಕಡಿಮೆ. ಸೋಯಾ ಅವರೆಯ ಹಸಿ ಹಾಲಿನಲ್ಲಿರುವ ಕೆಲವು ಪ್ರೋಟೀನುಗಳೂ ಇದೇ ಕೆಲಸ ಮಾಡುತ್ತವೆ ಎಂದು 2001ರಲ್ಲಿ ತಿಳಿಯಿತು. ಆದರೆ ಕುದಿಸಿದರೆ ಆ ಪ್ರೋಟೀನುಗಳು ಸತ್ವ ಕಳೆದುಕೊಳ್ಳುತ್ತವೆ. ಪೊಟ್ಟಣದಲ್ಲಿ ಬರುವ ಸೋಯಾ ಹಾಲು ಕಾಯಿಸಿದ್ದೇ ಆಗಿರುವುದರಿಂದ ಅದನ್ನು ಮುಖಕ್ಕೆ ಹಚ್ಚಿ ಫಲವಿಲ್ಲ.

ಸಿ ವಿಟಮಿನ್ ಎಂದಾಕ್ಷಣ ನೆನಪಾಗುವುದು ನಿಂಬೆ, ನೆಲ್ಲಿಕಾಯಿ. ಕಿಣ್ವದ ತಾಮ್ರದೊಡನೆ ಸೇರಿಯೂ, ಅರ್ಧ ತಯಾರಾದ ಬಣ್ಣವನ್ನು ಹಿಂದಿನ ಹಂತಕ್ಕೆ ತಳ್ಳಿಯೂ ಅದು ಮೆಲನಿನ್ ತಗ್ಗಿಸುತ್ತದೆ. ಚರ್ಮದೊಳಗೆ ಇಳಿಯಬೇಕಾದರೆ ಲೇಪದ ಆಮ್ಲೀಯತೆ ಪಿಎಚ್ 3.5ಕ್ಕಿಂತ ಕೆಳಗಿರಬೇಕು ಎಂದು 2001ರ ಸಂಶೋಧನೆ ತೋರಿಸಿತು. ಗಾಳಿ, ಬೆಳಕು ತಾಗಿದರೆ ಬೇಗ ಕೆಡುತ್ತದೆ. ನೀರಿನಂತೆ ತಿಳಿಯಾಗಿದ್ದ ಸೀರಮ್ ಹಳದಿಯಾಗಿ, ಆಮೇಲೆ ಕಂದಾಗಿ ತಿರುಗಿದರೆ ಅದರ ಗುಣ ಹೋಯಿತೆಂದೇ ಲೆಕ್ಕ.

ನಿಂಬೆಹಣ್ಣಿನ ಹೋಳನ್ನು ನೇರ ಮುಖಕ್ಕೆ ಉಜ್ಜುವುದಂತೂ ಅಪಾಯ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮನೆಮದ್ದಿನ ಸಲಹೆಗಳಲ್ಲಿ ಪದೇ ಪದೇ ಬರುವುದು ಇದೇ. ನಿಂಬೆಯ ಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟೆನ್ ಮತ್ತು ಅದರ ಬಂಧುವಸ್ತುಗಳಿವೆ. ಹೋಳು ಹಿಂಡಿದಾಗ, ಉಜ್ಜಿದಾಗ ರಸದ ಜೊತೆ ಅದೂ ಚರ್ಮಕ್ಕೆ ಅಂಟುತ್ತದೆ. ಆಮೇಲೆ ಬಿಸಿಲಿಗೆ ಹೋದರೆ ನೇರಳಾತೀತ ಎ ಕಿರಣ ತಾಗಿ ಆ ವಸ್ತು ಜೀವಕೋಶಗಳನ್ನು ಸುಡುತ್ತದೆ. ಒಂದರಿಂದ ಮೂರು ದಿನದೊಳಗೆ ಕೆಂಪಾಗಿ, ಕೆಲವೊಮ್ಮೆ ಬೊಕ್ಕೆಯೆದ್ದು, ರಸ ಇಳಿದ ದಾರಿಯಲ್ಲೇ ಕಪ್ಪು ಪಟ್ಟೆಗಳು ಮೂಡುತ್ತವೆ. ಅವು ಮಾಸಲು ತಿಂಗಳುಗಳೇ ಬೇಕು. ತೊನ್ನಿಗೆ ಬಣ್ಣ ಬರಿಸಲು ಬಳಸುವ ಬಾವಂಚಿ ಬೀಜದ ಸೊರಾಲೆನ್ ಕೂಡ ಇದೇ ಕುಲದ ರಾಸಾಯನಿಕ. ಬಾವಂಚಿ ಹಚ್ಚಿ ಬಿಸಿಲು ಕಾಯಿಸುವುದು ಬಣ್ಣ ಹೆಚ್ಚಿಸುವುದಕ್ಕೆ. ನಿಂಬೆ ಹಚ್ಚಿ ಬಿಸಿಲಿಗೆ ಹೋದವರ ಚರ್ಮದಲ್ಲಿ ನಡೆಯುವುದೂ ಅದೇ ಜಾತಿಯ ಕ್ರಿಯೆ.

ಅರಿಶಿನದ ಕರ್ಕ್ಯುಮಿನ್ ಜೀವಕೋಶಗಳ ಪರೀಕ್ಷೆಯಲ್ಲಿ ಮೆಲನಿನ್ ತಗ್ಗಿಸುತ್ತದೆ. ಆದರೆ ಚರ್ಮಕ್ಕೆ ಸರಿಯಾಗಿ ಇಳಿಯದು, ಬೆಳಕಿಗೆ ಒಡೆದುಹೋಗುತ್ತದೆ, ಮುಖ ಹಳದಿಯಾಗಿಸುತ್ತದೆ. ಇದರ ಪರಿಷ್ಕೃತ ರೂಪವಾದ ಟೆಟ್ರಾಹೈಡ್ರೊಕರ್ಕ್ಯುಮಿನ್‌ಗೆ ಬಣ್ಣವಿಲ್ಲ, ಹಾಗಾಗಿ ಲೇಪಗಳಲ್ಲಿ ಅದನ್ನು ಸೇರಿಸುತ್ತಾರೆ. ಬಿಡಿಯಾಗಿ ಮಾರುವ ಅರಿಶಿನದ ಹೊಳಪಿಗೆ ಲೆಡ್ ಕ್ರೋಮೇಟ್ ಬೆರೆಸುವ ವಂಚನೆಯೂ ಇದೆ. ಲೋಳೆಸರದ ಅಲೋಸಿನ್‌ಗೆ ಟೈರೋಸಿನೇಸ್ ತಡೆಯುವ ಗುಣವಿದೆ. ಅದು ಇರುವುದು ಎಲೆಯ ಸಿಪ್ಪೆಯ ಕೆಳಗಿನ ಕಹಿ ಹಳದಿ ರಸದಲ್ಲಿ ಹೆಚ್ಚು, ನಾವು ಹಚ್ಚುವ ತಿಳಿ ಲೋಳೆಯಲ್ಲಿ ಕಡಿಮೆ. ಗಂಧದೆಣ್ಣೆಯ ಸ್ಯಾಂಟಲಾಲ್, ಕೇಸರಿಯ ಕ್ರೋಸಿನ್, ಮಂಜಿಷ್ಠದ ಬೇರು, ದಾಳಿಂಬೆ ಸಿಪ್ಪೆಯ ಎಲ್ಲಾಜಿಕ್ ಆಮ್ಲ ಇವೆಲ್ಲವೂ ಪ್ರಯೋಗಾಲಯದಲ್ಲಿ ಆಸೆ ಹುಟ್ಟಿಸಿವೆ. ಎಲ್ಲಾಜಿಕ್ ಆಮ್ಲಕ್ಕೆ ಜಪಾನಿನಲ್ಲಿ ಅನುಮತಿಯೂ ಸಿಕ್ಕಿದೆ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಜಿಡ್ಡು ತೆಗೆದು ಮುಖವನ್ನು ಆ ಹೊತ್ತಿಗೆ ಹೊಳೆಯಿಸುತ್ತವೆ, ಮೆಲನಿನ್ ತಂಟೆಗೆ ಹೋಗುವುದಿಲ್ಲ. ಮೊಸರಿನ ಲ್ಯಾಕ್ಟಿಕ್ ಆಮ್ಲ ಸತ್ತ ಪದರವನ್ನು ಸ್ವಲ್ಪ ಸಡಿಲಿಸುತ್ತದೆ. ಇವನ್ನೆಲ್ಲ ಒರಟಾಗಿ ಉಜ್ಜಿ ತೆಗೆಯುವ ಅಭ್ಯಾಸ ಒಳ್ಳೆಯದಲ್ಲ. ನಮ್ಮ ಚರ್ಮದಲ್ಲಿ ಬರೀ ಉಜ್ಜಾಟದಿಂದಲೇ ಕಪ್ಪಾಗುವುದುಂಟು.

ನಿಸರ್ಗದ್ದು ಎಂದ ಮಾತ್ರಕ್ಕೆ ನಿರಪಾಯ ಎಂಬ ನಂಬಿಕೆಗೆ 2013ರಲ್ಲಿ ಜಪಾನಿನಲ್ಲಿ ಭಾರೀ ಪೆಟ್ಟು ಬಿತ್ತು. ಬರ್ಚ್, ಮೇಪಲ್ ಜಾತಿಯ ಮರಗಳ ತೊಗಟೆಯಲ್ಲಿರುವ ರೊಡೊಡೆಂಡ್ರಾಲ್ ಎಂಬ ವಸ್ತು ಟೈರೋಸಿನೇಸನ್ನು ಚೆನ್ನಾಗಿ ತಡೆಯುತ್ತದೆಂದು ಕಂಡು, ಪರೀಕ್ಷೆಗಳನ್ನು ನಡೆಸಿ, 2008ರಲ್ಲಿ ಸರ್ಕಾರದ ಅನುಮತಿಯನ್ನೂ ಪಡೆದು, ಕನೆಬೊ ಕಂಪನಿ ಅದನ್ನು ಶೇಕಡ 2ರಷ್ಟು ಸೇರಿಸಿದ ಲೇಪಗಳನ್ನು ಮಾರಿತು. ಸುಮಾರು 8 ಲಕ್ಷ ಜನ ಬಳಸಿದರು. ಕೆಲವರ ಮುಖ, ಕತ್ತು, ಕೈಗಳ ಮೇಲೆ ತೊನ್ನಿನಂತೆ ಬಿಳಿ ಮಚ್ಚೆಗಳು ಮೂಡತೊಡಗಿದವು. 2013ರ ಜುಲೈನಲ್ಲಿ ಕಂಪನಿ ಎಲ್ಲ ಸರಕನ್ನೂ ವಾಪಸ್ ತರಿಸಿಕೊಂಡಿತು. ತೊಂದರೆಗೊಳಗಾದವರ ಸಂಖ್ಯೆ ಕೊನೆಗೆ 20,000ದ ಆಸುಪಾಸು ಮುಟ್ಟಿತು. ನಂತರದ ಸಂಶೋಧನೆ ಕಾರಣ ಕಂಡುಹಿಡಿಯಿತು. ಟೈರೋಸಿನೇಸ್ ಕಿಣ್ವ ರೊಡೊಡೆಂಡ್ರಾಲನ್ನೇ ತನ್ನ ಆಹಾರವೆಂದು ತಿಳಿದು ಬದಲಾಯಿಸುತ್ತದೆ, ಆಗ ಹುಟ್ಟುವ ಕ್ವಿನೋನ್ ವಿಷವಾಗಿ ಮೆಲನೊಸೈಟನ್ನು ಕೊಲ್ಲುತ್ತದೆ. ಲೇಪ ನಿಲ್ಲಿಸಿದ ಮೇಲೆ ಬಹಳಷ್ಟು ಜನರಿಗೆ ಬಣ್ಣ ಮರಳಿತು, ಎಲ್ಲರಿಗೂ ಅಲ್ಲ. ಕಿಣ್ವವನ್ನು ತಡೆಯುವ ವಸ್ತುವೇ ಕಿಣ್ವದ ಕೈಯಲ್ಲಿ ವಿಷವಾಗಬಹುದು ಎಂಬುದು ಸೌಂದರ್ಯವರ್ಧಕಗಳ ಉದ್ಯಮಕ್ಕೆ ಇಂಥ ಬೆಲೆ ತೆತ್ತ ಮೇಲೆ ಮನದಟ್ಟಾಯಿತು.

ಗಿಡಮೂಲಿಕೆಯ ಹೆಸರಿನಡಿ ಬೇರೆಯದೇ ವಸ್ತು ಸೇರಿಕೊಳ್ಳುವ ಅಪಾಯ ನಮ್ಮಲ್ಲಿ ಇನ್ನೂ ದೊಡ್ಡದು. ಪಾದರಸ ಟೈರೋಸಿನೇಸಿನ ತಾಮ್ರದ ಜಾಗವನ್ನು ತಾನೇ ಆಕ್ರಮಿಸಿ ಚರ್ಮವನ್ನು ಬಲುಬೇಗ ಬೆಳ್ಳಗಾಗಿಸುತ್ತದೆ, ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದು ವಿರಳ ಬಗೆಯ ಮೂತ್ರಪಿಂಡದ ಕಾಯಿಲೆಯೊಂದಿಗೆ ಬಂದ 15 ರೋಗಿಗಳಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಬಳಸುತ್ತಿದ್ದುದನ್ನು ವೈದ್ಯರು ದಾಖಲಿಸಿದರು. ಭಾರತದ 2020ರ ಸೌಂದರ್ಯವರ್ಧಕಗಳ ನಿಯಮದಂತೆ ಪಾದರಸವನ್ನು ಬೇಕೆಂದು ಸೇರಿಸುವಂತಿಲ್ಲ. ತಿಳಿಯದೆ ಬೆರೆತರೂ ಸಾಮಾನ್ಯ ಲೇಪದಲ್ಲಿ ಹತ್ತು ಲಕ್ಷಕ್ಕೆ ಒಂದು ಭಾಗ ಮೀರುವಂತಿಲ್ಲ. ಇನ್ನೊಂದು ಕಳ್ಳಪದಾರ್ಥ ಸ್ಟಿರಾಯ್ಡ್. ಹಚ್ಚಿದ ವಾರದಲ್ಲೇ ಮುಖ ನುಣುಪಾಗಿ ಹೊಳೆಯುತ್ತದೆ; ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಎದ್ದು, ಕೂದಲು ಬೆಳೆದು, ಬಿಟ್ಟರೆ ಉರಿ ಕಾಣಿಸಿಕೊಂಡು ಬಿಡಲಾಗದ ಸ್ಥಿತಿ ಬರುತ್ತದೆ. 2018ರಿಂದ ಇಂಥ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ಇಲ್ಲದ, ಬ್ಯೂಟಿ ಪಾರ್ಲರಿನಲ್ಲಿ ಸಣ್ಣ ಡಬ್ಬಿಗೆ ತುಂಬಿಕೊಡುವ ಕ್ರೀಮು ವಾರದಲ್ಲಿ ಪರಿಣಾಮ ತೋರಿದರೆ ಅದನ್ನೇ ಎಚ್ಚರಿಕೆಯ ಗಂಟೆಯೆಂದು ತಿಳಿಯಬೇಕು.

ಯಾವ ಲೇಪ ಹಚ್ಚಿದರೂ ಬಿಸಿಲಿಗೆ ತಡೆಯಿಲ್ಲದಿದ್ದರೆ ರಾತ್ರಿಯ ಕೆಲಸ ಹಗಲಲ್ಲಿ ಹಾಳಾಗುತ್ತದೆ. ನೇರಳಾತೀತ ಎ ಕಿರಣ ಕಿಟಕಿಯ ಗಾಜನ್ನೂ ದಾಟುತ್ತದೆ. ಅದೂ ಸಾಲದೆಂಬಂತೆ ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ ಎಂದು 2010ರ ಅಧ್ಯಯನ ತೋರಿಸಿತು, ಬಿಳಿ ಚರ್ಮದಲ್ಲಿ ಆ ಪರಿಣಾಮ ಕಾಣಲಿಲ್ಲ. ಆದ್ದರಿಂದ ಬಂಗು ಇದ್ದವರಿಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ, ಐರನ್ ಆಕ್ಸೈಡ್ ಸೇರಿಸಿದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಮುಖಕ್ಕೂ ಕತ್ತಿಗೂ ಎರಡು ಬೆರಳುದ್ದದಷ್ಟು ಬೇಕು, ಹೊಲದಲ್ಲೋ ಬೀದಿಯಲ್ಲೋ ದುಡಿಯುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದರ ಖರ್ಚು ಭರಿಸಲಾಗದವರಿಗೆ ಅಗಲ ಅಂಚಿನ ಟೋಪಿ, ಕೊಡೆ, ತಲೆಯ ಮೇಲೆ ಎಳೆದ ಸೆರಗು ಕೂಡ ನಿಜವಾದ ರಕ್ಷಣೆ.

ಹೊಸ ಲೇಪವನ್ನು ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಗೆ ನಾಲ್ಕೈದು ದಿನ ಹಚ್ಚಿ ನೋಡಬೇಕು. ಒಂದೇ ಸಲಕ್ಕೆ ಮೂರು ನಾಲ್ಕು ಸೀರಮ್ ಶುರುಮಾಡಿದರೆ ಉರಿ ಯಾವುದರಿಂದ ಎಂದು ತಿಳಿಯುವುದಿಲ್ಲ. ಎಂಟರಿಂದ ಹನ್ನೆರಡು ವಾರ ಬಿಡದೆ ಬಳಸಿದ ಮೇಲೆಯೇ ಫಲವಿದೆಯೋ ಇಲ್ಲವೋ ಎಂದು ಹೇಳಬಹುದು. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಂಗು ತಾನಾಗಿ ತಗ್ಗುವುದು ಸಾಮಾನ್ಯವಾದ್ದರಿಂದ ಬಸಿರಿನಲ್ಲಿ ಅವಸರ ಪಡಬೇಕಿಲ್ಲ.

ಕೆಲವು ಕಪ್ಪಿಗೆ ಈ ಯಾವ ಪದಾರ್ಥವೂ ತಾಗುವುದಿಲ್ಲ, ಏಕೆಂದರೆ ಕಾರಣ ಚರ್ಮದಲ್ಲಿಲ್ಲ. ಕತ್ತಿನ ಸುತ್ತ, ಕಂಕುಳಲ್ಲಿ ದಪ್ಪಗೆ, ಮಖಮಲ್ಲಿನಂತೆ ಹರಡುವ ಕಪ್ಪನ್ನು ಕೊಳೆಯೆಂದು ತಿಳಿದು ಮಕ್ಕಳ ಕತ್ತನ್ನು ತಿಕ್ಕುವವರಿದ್ದಾರೆ. ಅದು ಹೆಚ್ಚಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಸಕ್ಕರೆಯ ಪರೀಕ್ಷೆಯಾಗಬೇಕು, ತೂಕ ಇಳಿದರೆ ಕಪ್ಪೂ ತಗ್ಗುತ್ತದೆ. ಹಣೆ, ಕೆನ್ನೆಯ ಅಂಚಿನಲ್ಲಿ ಬೂದುಗಪ್ಪು ಹರಡುತ್ತಿದ್ದರೆ ಕೂದಲಿಗೆ ಹಚ್ಚುವ ಕಪ್ಪು ಡೈ ಕಾರಣವಿರಬಹುದು, ಮೊದಲು ಅದನ್ನು ನಿಲ್ಲಿಸಬೇಕು. ಬೆರಳ ಗೆಣ್ಣುಗಳು ಇದ್ದಕ್ಕಿದ್ದಂತೆ ಕಪ್ಪಾಗಿ, ಜೊತೆಗೆ ಸುಸ್ತು, ಕೈಕಾಲು ಜೋಮು ಇದ್ದರೆ ಬಿ12 ವಿಟಮಿನ್ ಕೊರತೆಯಿರಬಹುದು. ಹಾಲು ಮೊಸರನ್ನೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ ಇದು ಅಪರೂಪವೇನಲ್ಲ. ರಕ್ತಪರೀಕ್ಷೆ ಮಾಡಿಸಿ ಬಿ12 ಕೊಟ್ಟರೆ ಆ ಕಪ್ಪು ಯಾವ ಲೇಪವಿಲ್ಲದೆ ಕೆಲವು ತಿಂಗಳಲ್ಲಿ ಇಳಿಯುತ್ತದೆ.